ಕೊಲೆಸ್ಟ್ರಾಲ್ ಬೆರೆಸಿದ ಲಿಪಿಡ್ ಪೊರೆ ಕೈಕೊಟ್ಟಾಗ: ನಮ್ಮ ಕಡೆಯ ಪ್ರಯೋಗಾಲಯಗಳಿಗೊಂದು ದೋಷ ನಿವಾರಣೆ ಕೈಪಿಡಿ

ಕಾರವಾರ, ಕುಮಟಾ, ಶಿರಸಿ ಕಡೆಯ ಕಾಲೇಜುಗಳಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಲೈಪೋಸೋಮ್ (ಲಿಪಿಡ್ ಪೊರೆಯ ಸೂಕ್ಷ್ಮ ಗುಳ್ಳೆ) ಮಾಡುವ ವಿದ್ಯಾರ್ಥಿಗಳು ನನಗೆ ವರ್ಷ ವರ್ಷವೂ ಸಿಗುತ್ತಾರೆ. ಫಾಸ್ಫೋಲಿಪಿಡ್ ಪೊರೆಗೆ ಕೊಲೆಸ್ಟ್ರಾಲ್ ಬೆರೆಸುತ್ತ ಹೋದರೆ ಅದರ ಬಿಗಿ, ದಪ್ಪ, ಸೋರಿಕೆ ಹೇಗೆ ಬದಲಾಗುತ್ತವೆ ಎಂದು ನೋಡುವುದೇ ಹೆಚ್ಚಿನವರ ವಿಷಯ. ಲಿಪಿಡ್ಡನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿ, ಫ್ಲಾಸ್ಕಿನ ಗೋಡೆಯ ಮೇಲೆ ಪೊರೆಯಾಗಿ ಒಣಗಿಸಿ, ಬಫರ್ ದ್ರಾವಣ ಹಾಕಿ ಅಲುಗಾಡಿಸಿ ಬಿಡಿಸಿ, ಎಕ್ಸ್‌ಟ್ರೂಡರ್ ಎಂಬ ಸಾಧನದಲ್ಲಿ ಎರಡು ಸಿರಿಂಜುಗಳ ನಡುವಿನ ಸಣ್ಣ ರಂಧ್ರಗಳ ಜಾಲರಿಯಲ್ಲಿ ದಾಟಿಸುವುದು ಮಾಮೂಲಿ ವಿಧಾನ. ಅವರು ತರುವ ದೂರುಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಪೊರೆ ಫ್ಲಾಸ್ಕನ್ನು ಬಿಡುತ್ತಿಲ್ಲ, ದ್ರವದಲ್ಲಿ ಏನೋ ಮಿನುಗುತ್ತಿದೆ, ಬಣ್ಣ ಸೋರುತ್ತಿದೆ, ಫಲಿತಾಂಶ ಪುಸ್ತಕಕ್ಕೆ ತದ್ವಿರುದ್ಧವಾಗಿದೆ ಎನ್ನುತ್ತಾರೆ. ಉಪಕರಣ ಕೆಟ್ಟಿರಬೇಕೆಂಬ ಅನುಮಾನವನ್ನೂ ಅದರ ಜೊತೆಗೇ ತಂದಿರುತ್ತಾರೆ. ನಾನು ಕಂಡಂತೆ ಉಪಕರಣ ಕೆಟ್ಟಿರುವುದು ಅಪರೂಪ. ಹೆಚ್ಚಿನ ಸಲ ತಪ್ಪಿರುವುದು ಉಷ್ಣತೆ. ಅದು ಸರಿಯಿದ್ದರೆ, ಪೊರೆಯೊಳಗೆ ನಿಜವಾಗಿ ಸೇರಿದ ಕೊಲೆಸ್ಟ್ರಾಲಿನ ಪ್ರಮಾಣ ತಪ್ಪಿರುತ್ತದೆ. ಹಾಗಾಗಿ ಮುಂದಿನ ಎಲ್ಲ ಲಕ್ಷಣಗಳಲ್ಲೂ ಮೊದಲು ಉಷ್ಣತೆ, ಆಮೇಲೆ ಪ್ರಮಾಣ, ಆಮೇಲೆ ಶುದ್ಧತೆ, ಕೊನೆಗೆ ಉಪಕರಣ ಎಂಬ ಕ್ರಮದಲ್ಲೇ ಪರೀಕ್ಷೆಗಳನ್ನು ಇಟ್ಟಿದ್ದೇನೆ. ಮೊದಲನೆಯದಕ್ಕೆ ಒಂದು ಥರ್ಮಾಮೀಟರಿಗಿಂತ ಹೆಚ್ಚಿನ ಖರ್ಚಿಲ್ಲ.

ಕೆಲವು ಅಂಕಿಗಳನ್ನು ಬೆಂಚಿನ ಮುಂದಿನ ಗೋಡೆಗೆ ಬರೆದು ಅಂಟಿಸಿಕೊಳ್ಳಿ. ಪ್ರತಿಯೊಂದು ಲಿಪಿಡ್ಡಿಗೂ ಗಟ್ಟಿಯಾದ ಜೆಲ್ ಸ್ಥಿತಿಯಿಂದ ದ್ರವ ಸ್ಥಿತಿಗೆ ಹೋಗುವ ಒಂದು ಸ್ಥಿತ್ಯಂತರ ಉಷ್ಣತೆ ಇರುತ್ತದೆ. ಡಿಎಸ್‌ಪಿಸಿಗೆ ಅದು ಸುಮಾರು 55 ಡಿಗ್ರಿ ಸೆಲ್ಸಿಯಸ್, ಡಿಪಿಪಿಸಿಗೆ 41, ಡಿಎಂಪಿಸಿಗೆ 23ರಿಂದ 24, ಪಿಒಪಿಸಿಗೆ ಸೊನ್ನೆಗಿಂತ 2 ಡಿಗ್ರಿ ಕೆಳಗೆ, ಡಿಒಪಿಸಿಗೆ ಸೊನ್ನೆಗಿಂತ 17 ಡಿಗ್ರಿ ಕೆಳಗೆ. ಇವೆಲ್ಲ ಫಾಸ್ಫಟಿಡೈಲ್ ಕೋಲಿನ್ ಎಂಬ ಬಗೆಯ ಫಾಸ್ಫೋಲಿಪಿಡ್ಡುಗಳ ಚುಟುಕು ಹೆಸರುಗಳು. ನೀವು ಕೈಯಲ್ಲಿ ಹಿಡಿದಿರುವ ಪೊರೆ ಈ ಸ್ಥಿತ್ಯಂತರ ಉಷ್ಣತೆಯ ಗೆರೆಯ ಯಾವ ಪಕ್ಕದಲ್ಲಿದೆ ಎಂದು ತಿಳಿಯದೆ ಮುಂದಿನ ಯಾವ ಲಕ್ಷಣಕ್ಕೂ ಅರ್ಥ ಹೇಳಲು ಬರುವುದಿಲ್ಲ.

ಕೆಲಸಕ್ಕೆ ಕೈಹಾಕುವ ಮೊದಲಿನ ಎಚ್ಚರಿಕೆಗಳು

ಕ್ಲೋರೋಫಾರ್ಮನ್ನು ಫ್ಯೂಮ್ ಹುಡ್ ಒಳಗೇ ಬಳಸಿ, ಗಾಜಿನ ಸಿರಿಂಜು ಮತ್ತು ಗಾಜಿನ ಬಾಟಲಿಗಳಲ್ಲೇ ಅಳೆದು ಇಡಿ. ಅದು ಅನೇಕ ಪ್ಲಾಸ್ಟಿಕ್ಕುಗಳನ್ನು ಕರಗಿಸುತ್ತದೆ, ಕರಗಿದ ಪ್ಲಾಸ್ಟಿಕ್ ನಿಮ್ಮ ಪೊರೆಯೊಳಗೆ ಸೇರಿಕೊಳ್ಳುತ್ತದೆ. ಬೆಳಕಿನಲ್ಲಿ ಬಹುಕಾಲ ಇಟ್ಟ ಅಥವಾ ಉರಿಯ ಬಳಿ ಬಿಸಿಯಾದ ಕ್ಲೋರೋಫಾರ್ಮಿನಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಆದ್ದರಿಂದ ಹಳೆಯ, ಲೇಬಲ್ ಇಲ್ಲದ ಬಾಟಲಿಗಳನ್ನು ಬಳಸಲೇಬೇಡಿ, ಹತ್ತಿರದಲ್ಲಿ ಬರ್ನರ್ ಹಚ್ಚಬೇಡಿ. ನೈಟ್ರೈಲ್ ಕೈಗವಸು ಕ್ಲೋರೋಫಾರ್ಮನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ, ಸಿಡಿದ ಕೂಡಲೇ ಬದಲಿಸಬೇಕು. ಉಳಿದದ್ದನ್ನು ಸಿಂಕಿಗೆ ಸುರಿಯದೆ ತ್ಯಾಜ್ಯದ ಬಾಟಲಿಗೆ ಹಾಕಿ.

ಇನ್ನೊಂದು ನಮ್ಮ ಊರಿನದೇ ಅಪಾಯ. ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ವ್ಯಾಕ್ಯೂಮ್ ಪಂಪು ಫಕ್ಕನೆ ನಿಂತರೆ ಪಂಪಿನ ಎಣ್ಣೆಯೋ ನೀರೋ ಹಿಂದಕ್ಕೆ ಎಳೆದುಕೊಂಡು ಫ್ಲಾಸ್ಕಿಗೆ ಬರುತ್ತದೆ. ಕರೆಂಟು ಹೋದ ಕ್ಷಣವೇ ಗಾಳಿಯ ಕವಾಟ ತೆರೆಯುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿಡಿ. ನಕ್ಷತ್ರದಂತೆ ಸಣ್ಣ ಬಿರುಕು ಬಿಟ್ಟ ಫ್ಲಾಸ್ಕನ್ನು ವ್ಯಾಕ್ಯೂಮಿಗೆ ಹಚ್ಚಲೇಬಾರದು, ಅದು ಒಳಕ್ಕೆ ಕುಸಿದು ಸಿಡಿಯುತ್ತದೆ. ರಕ್ಷಣಾ ಕನ್ನಡಕ ಹಾಕದೆ ಈ ಕೆಲಸ ಬೇಡ.

ಲಕ್ಷಣ: ಬಫರ್ ಹಾಕಿ ಅಲುಗಾಡಿಸಿದರೂ ಪೊರೆ ಫ್ಲಾಸ್ಕಿನ ಗೋಡೆ ಬಿಡುತ್ತಿಲ್ಲ

ಮೊದಲು ಬಫರಿನ ಉಷ್ಣತೆಯನ್ನು ಫ್ಲಾಸ್ಕಿನೊಳಗೇ ಥರ್ಮಾಮೀಟರ್ ಇಟ್ಟು ನೋಡಿ. ವಾಟರ್ ಬಾತಿನ ಮುಖದ ಮೇಲಿನ ಅಂಕಿಯನ್ನು ನಂಬಬೇಡಿ. ಡಿಪಿಪಿಸಿ ಇರುವ ಮಿಶ್ರಣವಾದರೆ ಒಳಗಿನ ಬಫರ್ 50 ಡಿಗ್ರಿಯ ಹತ್ತಿರ ಇರಬೇಕು, ಡಿಎಸ್‌ಪಿಸಿಗೆ 60ರ ಮೇಲೆ. ಗೆರೆಗಿಂತ ಕೆಳಗಿದ್ದರೆ ಪೊರೆ ಜೆಲ್ಲಾಗಿಯೇ ಇದ್ದು ನೀರನ್ನು ಸರಿಯಾಗಿ ಒಳಬಿಡುವುದಿಲ್ಲ. ಎಷ್ಟು ಹೊತ್ತು ಅಲುಗಾಡಿಸಿದರೂ ತೋಳು ನೋಯುವುದಷ್ಟೇ ಬರುತ್ತದೆ.

ಉಷ್ಣತೆ ಸರಿಯಿದ್ದೂ ಬಿಡದಿದ್ದರೆ ಒಣಗಿದ ಪೊರೆಯ ರೂಪ ನೋಡಬೇಕು. ಅದು ಗಾಜಿನ ಮೇಲೆ ತೆಳುವಾಗಿ, ಸಮವಾಗಿ ಹರಡಿರಬೇಕು. ಅಲ್ಲಲ್ಲಿ ಬೆಳ್ಳಗಿನ ಮಚ್ಚೆಗಳಿದ್ದರೆ ತೇವ ಸೇರಿದೆ ಎಂದರ್ಥ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿಯಲ್ಲಿ ಕ್ಲೋರೋಫಾರ್ಮನ್ನು ಬರಿಗಾಳಿ ಊದಿ ಆರಿಸಿದರೆ, ಅದು ಆರುವಾಗ ಗಾಜು ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ, ಆ ಹನಿಗಳ ಸುತ್ತ ಲಿಪಿಡ್ ಗಂಟು ಕಟ್ಟುತ್ತದೆ. ಒಣ ನೈಟ್ರೋಜನ್ ಬಳಸಿ, ಇಲ್ಲವೇ ಬೆಚ್ಚಗಿನ ಬಾತಿನಲ್ಲಿ ರೋಟರಿ ಇವ್ಯಾಪೊರೇಟರಿಗೆ ಹಚ್ಚಿ, ಬಳಿಕ ಕನಿಷ್ಠ 2 ಗಂಟೆ ಒಳ್ಳೆಯ ವ್ಯಾಕ್ಯೂಮಿನಲ್ಲಿ ಇಡಿ. ಕ್ಲೋರೋಫಾರ್ಮಿನ ಅಂಶ ಉಳಿದ ಪೊರೆ ಮುಂದೆ ಮಾಡುವ ಎಲ್ಲ ಅಳತೆಗಳನ್ನೂ ಹಾಳು ಮಾಡುತ್ತದೆ.

ಲಕ್ಷಣ: ಎಕ್ಸ್‌ಟ್ರೂಡರಿನ ಸಿರಿಂಜು ಒತ್ತಲಿಕ್ಕೇ ಬರುತ್ತಿಲ್ಲ

ಕಾರವಾರದಲ್ಲಿ ನಮ್ಮಲ್ಲೇ ಡಿಎಂಪಿಸಿ ಲೈಪೋಸೋಮ್ ಮಾಡಿ ಕಲಿತಿದ್ದ ಹುಡುಗಿಯೊಬ್ಬಳು, ಜನವರಿಯಲ್ಲಿ ತನ್ನ ಊರು ಶಿರಸಿಗೆ ಹೋಗಿ, ಅಲ್ಲಿನ ಕಾಲೇಜೊಂದರಲ್ಲಿ ಅದೇ ಕೆಲಸ ಮುಂದುವರಿಸಿದಳು. ಅದೇ ಬಾಟಲಿಯ ಲಿಪಿಡ್, ಅದೇ ಬಫರ್, ಅದೇ 100 ನ್ಯಾನೊಮೀಟರಿನ ಪಾಲಿಕಾರ್ಬನೇಟ್ ಜಾಲರಿ. ಬೆಳಿಗ್ಗೆ ಎಂಟಕ್ಕೆ ಫೋನು ಬಂತು: "ಮೇಡಂ, ಸಿರಿಂಜು ಜರುಗ್ತಾನೇ ಇಲ್ಲ. ಎರಡು ಜಾಲರಿ ಹರಿದು ಹೋಯ್ತು." ಮನೆಯಲ್ಲಿ ತೆಂಗಿನೆಣ್ಣೆಯ ಬಾಟಲಿ ಹೇಗಿದೆ ಎಂದು ಕೇಳಿದೆ. "ಗಟ್ಟಿಯಾಗಿದೆ, ಅಮ್ಮ ಬಿಸಿಲಿಗೆ ಇಟ್ಟಿದ್ದಾಳೆ" ಅಂದಳು. ಉತ್ತರ ಅಲ್ಲೇ ಇತ್ತು. ತೆಂಗಿನೆಣ್ಣೆ ಕರಗುವುದು ಸುಮಾರು 24 ಡಿಗ್ರಿಯಲ್ಲಿ, ಡಿಎಂಪಿಸಿಯ ಗೆರೆಯೂ ಅಲ್ಲೇ. ಕಾರವಾರದ ಸೆಕೆಯಲ್ಲಿ ಬೆಂಚಿನ ಮೇಲಿನ ಡಿಎಂಪಿಸಿ ತಾನಾಗಿಯೇ ದ್ರವ ಸ್ಥಿತಿಯಲ್ಲಿರುತ್ತದೆ, ಅದಕ್ಕೆ ಬಿಸಿ ಬೇಕೆಂದು ನಮಗೆ ನೆನಪೇ ಆಗುವುದಿಲ್ಲ. ಘಟ್ಟದ ಮೇಲಿನ ಚಳಿಯ ಬೆಳಗಿನಲ್ಲಿ ಅದೇ ಪೊರೆ ಜೆಲ್ಲಾಗಿ, ಸಣ್ಣ ರಂಧ್ರಗಳಲ್ಲಿ ಬಾಗಿ ನುಸುಳಲು ಒಪ್ಪುವುದಿಲ್ಲ. ಎಕ್ಸ್‌ಟ್ರೂಡರಿನ ಲೋಹದ ಕಟ್ಟೆಯನ್ನು 35 ಡಿಗ್ರಿಗೆ ಬಿಸಿ ಮಾಡಿ, ಸಿರಿಂಜುಗಳೂ ಅಲ್ಲೇ ಹತ್ತು ನಿಮಿಷ ಕಾಯಲಿ ಎಂದೆ. ಒಂಬತ್ತೂವರೆಗೆ ಕೆಲಸ ಮುಗಿದಿತ್ತು.

ಹೀಗಾಗಿ ಬಲ ಹಾಕುವ ಮೊದಲು ಉಷ್ಣತೆ ನೋಡಿ. ಗೆರೆಗಿಂತ ಮೇಲಿದ್ದೂ ಕಟ್ಟಿಕೊಂಡರೆ, ಮಿಶ್ರಣವನ್ನು ನೇರವಾಗಿ 100ರ ಜಾಲರಿಗೆ ಹಾಕದೆ ಮೊದಲು 400ರ ಜಾಲರಿಯಲ್ಲಿ ದಾಟಿಸಿ. ಅದೂ ಕಟ್ಟಿಕೊಂಡರೆ ದ್ರವದಲ್ಲಿ ಹರಳುಗಳಿರುವ ಸಂಭವ ಹೆಚ್ಚು, ಮುಂದಿನ ಲಕ್ಷಣಕ್ಕೆ ಹೋಗಿ. ದಾಟಿಸುವ ಸಂಖ್ಯೆ ಬೆಸವಾಗಿರಲಿ, 11 ಅಥವಾ 21. ಆಗ ಸಿದ್ಧವಾದ ದ್ರವ ಎದುರಿನ ಸಿರಿಂಜಿನಲ್ಲಿ ನಿಲ್ಲುತ್ತದೆ, ದಾಟದೆ ಉಳಿದ ದಪ್ಪ ಕಣಗಳು ಹಿಂದೆಯೇ ಉಳಿಯುತ್ತವೆ. ಬಲವಂತವಾಗಿ ಒತ್ತಿದರೆ ಗಾಜಿನ ಸಿರಿಂಜು ಅಂಗೈಯಲ್ಲೇ ಒಡೆಯಬಹುದು, ಹೆಬ್ಬೆರಳು ನೋಯುವಷ್ಟು ಒತ್ತಡ ಬೇಕಾದರೆ ನಿಲ್ಲಿಸಿ.

ಲಕ್ಷಣ: ಹಾಲಿನಂಥ ದ್ರವವನ್ನು ತಿರುಗಿಸಿದರೆ ಒಳಗೆ ಏನೋ ಮಿನುಗುತ್ತದೆ, ಅಥವಾ ತಳದಲ್ಲಿ ಬಿಳಿ ಗಷ್ಟು ಕೂಡುತ್ತದೆ

ಕೊಲೆಸ್ಟ್ರಾಲಿನ ಕೆಲಸದಲ್ಲಿ ಹೆಚ್ಚು ಮೋಸ ಮಾಡುವ ದೋಷ ಇದೇ ಎಂದು ನನ್ನ ಅಭಿಪ್ರಾಯ. ಏಕೆಂದರೆ ಮಿನುಗು ಬಹಳ ಸಲ ಕಣ್ಣಿಗೇ ಬೀಳದೆ, ಫಲಿತಾಂಶ ಮಾತ್ರ ತಪ್ಪುತ್ತದೆ.

ಅಗ್ಗದ ಪರೀಕ್ಷೆ ಬಿಸಿಯದು. ಒಂದಿಷ್ಟು ದ್ರವವನ್ನು ಲಿಪಿಡ್ಡಿನ ಗೆರೆಗಿಂತ ಹತ್ತು ಡಿಗ್ರಿ ಮೇಲೆ ಅರ್ಧ ಗಂಟೆ ಇಡಿ. ಮಿನುಗು ಮಾಯವಾದರೆ ಅವು ಜೆಲ್ ಸ್ಥಿತಿಯ ಲಿಪಿಡ್ಡಿನ ತುಣುಕುಗಳು, ಹೈಡ್ರೇಷನ್ (ಪೊರೆಗೆ ನೀರು ಸೇರುವುದು) ಸರಿಯಾಗಿಲ್ಲ ಎಂದಷ್ಟೇ ಅರ್ಥ. ಮಿನುಗು ಹಾಗೆಯೇ ಉಳಿದರೆ ಅದು ಬಹುಮಟ್ಟಿಗೆ ಕೊಲೆಸ್ಟ್ರಾಲಿನ ಹರಳು. ಶುದ್ಧ ಕೊಲೆಸ್ಟ್ರಾಲ್ ಕರಗುವುದು 148ರಿಂದ 150 ಡಿಗ್ರಿಯಲ್ಲಿ, ವಾಟರ್ ಬಾತಿನ ಬಿಸಿ ಅದಕ್ಕೆ ತಾಗುವುದೇ ಇಲ್ಲ. ಇನ್ನೂ ಖಚಿತವಾಗಬೇಕಾದರೆ ಒಂದು ಹನಿಯನ್ನು ಸ್ಲೈಡಿನ ಮೇಲಿಟ್ಟು, ಅಡ್ಡಡ್ಡ ಇಟ್ಟ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಸೂಕ್ಷ್ಮದರ್ಶಕದಲ್ಲಿ ನೋಡಿ. ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗವಿದ್ದರೆ ಕಲ್ಲುಗಳನ್ನು ನೋಡುವ ಅವರ ಸೂಕ್ಷ್ಮದರ್ಶಕವೇ ಸಾಕು. ಹಲವು ಪದರಗಳ ಲೈಪೋಸೋಮುಗಳು ನಾಲ್ಕು ದಳದ ಶಿಲುಬೆಯಂತೆ ಹೊಳೆಯುತ್ತವೆ. ನೀರನ್ನು ಸೇರಿಸಿಕೊಂಡ ಕೊಲೆಸ್ಟ್ರಾಲಿನ ಹರಳು ತೆಳ್ಳಗಿನ ಚಪ್ಪಟೆ ಹಲಗೆಯಂತೆ, ಎಷ್ಟೋ ಸಲ ಒಂದು ಮೂಲೆ ಕಿತ್ತುಹೋದಂತೆ ಕಾಣುತ್ತದೆ. ಒಮ್ಮೆ ನೋಡಿದವರು ಮತ್ತೆ ತಪ್ಪು ಮಾಡುವುದಿಲ್ಲ.

ಹರಳು ಕಂಡಿತೆಂದರೆ ಕೂಡಲೇ ಲೆಕ್ಕದ ಪುಸ್ತಕ ತೆರೆಯಿರಿ. ಕೊಲೆಸ್ಟ್ರಾಲಿನ ಅಣುತೂಕ ಸುಮಾರು 387, ಡಿಪಿಪಿಸಿಯದು 734. ಕೊಲೆಸ್ಟ್ರಾಲ್ ಅಣು ಹೆಚ್ಚುಕಡಿಮೆ ಅರ್ಧ ತೂಕದ್ದಾದ್ದರಿಂದ, ತೂಕದ ಶೇಕಡಾವನ್ನೂ ಮೋಲ್ ಶೇಕಡಾವನ್ನೂ (ಅಣುಗಳ ಎಣಿಕೆಯ ಶೇಕಡಾ) ಕಲಸಿಕೊಂಡರೆ ತಪ್ಪು ದೊಡ್ಡದಾಗುತ್ತದೆ. 7 ಮಿಲಿಗ್ರಾಂ ಡಿಪಿಪಿಸಿಗೆ 3 ಮಿಲಿಗ್ರಾಂ ಕೊಲೆಸ್ಟ್ರಾಲ್ ಹಾಕಿ "30 ಶೇಕಡಾ" ಎಂದು ಬರೆದುಕೊಂಡವರ ಪೊರೆಯಲ್ಲಿ ನಿಜವಾಗಿ ಇರುವುದು 45 ಮೋಲ್ ಶೇಕಡಾ. ಎರಡನ್ನೂ ಸಮತೂಕ ಹಾಕಿದರೆ ಅದು 65ನ್ನೂ ದಾಟುತ್ತದೆ. 10 ಮಿಲಿಗ್ರಾಂ ಡಿಪಿಪಿಸಿಗೆ ನಿಜವಾದ 30 ಮೋಲ್ ಶೇಕಡಾ ಬೇಕಾದರೆ ಹಾಕಬೇಕಾದದ್ದು ಸುಮಾರು 2.26 ಮಿಲಿಗ್ರಾಂ ಕೊಲೆಸ್ಟ್ರಾಲ್ ಮಾತ್ರ.

ಮಿತಿಯ ಅಂಕಿಯೂ ತಿಳಿದಿರಲಿ. ಫಾಸ್ಫಟಿಡೈಲ್ ಕೋಲಿನ್ ಪೊರೆ ಹೊತ್ತುಕೊಳ್ಳಬಲ್ಲ ಕೊಲೆಸ್ಟ್ರಾಲ್ ಗರಿಷ್ಠ 66 ಮೋಲ್ ಶೇಕಡಾ, ಫಾಸ್ಫಟಿಡೈಲ್ ಎಥನೋಲಮೈನ್ ಪೊರೆ ಹೊತ್ತುಕೊಳ್ಳಬಲ್ಲದ್ದು 51 ಎಂದು ಹುವಾಂಗ್, ಬುಬೋಲ್ಟ್ಸ್, ಫೈಗೆನ್ಸನ್ ಅವರು 1999ರಲ್ಲಿ ತೋರಿಸಿದರು. ಅದೇ ಕೆಲಸದಿಂದ ನಮಗೆ ಬೇಕಾದ ಇನ್ನೊಂದು ಪಾಠವೂ ಸಿಗುತ್ತದೆ. ಫ್ಲಾಸ್ಕಿನಲ್ಲಿ ಪೊರೆಯನ್ನು ಒಣಗಿಸುವ ನಮ್ಮ ಮಾಮೂಲಿ ವಿಧಾನದಲ್ಲಿ, ಒಣಗುವಾಗಲೇ ಕೊಲೆಸ್ಟ್ರಾಲ್ ಬೇರೆಯಾಗಿ ಹರಳುಗಟ್ಟಬಲ್ಲದು, ಮತ್ತೆ ನೀರು ಹಾಕಿದರೂ ಆ ಹರಳು ಪೂರ್ತಿ ಪೊರೆಗೆ ಮರಳುವುದಿಲ್ಲ. ಆದ್ದರಿಂದ ಮಿತಿಗಿಂತ ಎಷ್ಟೋ ಕೆಳಗೂ ಹರಳು ಕಾಣಬಹುದು, ಪೊರೆಯೊಳಗಿನ ಪ್ರಮಾಣ ಬಾಟಲಿಯ ಲೆಕ್ಕಕ್ಕಿಂತ ಕಡಿಮೆ ಇರಬಹುದು. ಪರಿಹಾರಕ್ಕೆ, ಕೊಲೆಸ್ಟ್ರಾಲನ್ನೂ ಲಿಪಿಡ್ಡನ್ನೂ ಪುಡಿಯಾಗಿ ಬೆರೆಸದೆ ಎರಡನ್ನೂ ಬೇರೆ ಬೇರೆ ಕ್ಲೋರೋಫಾರ್ಮಿನಲ್ಲಿ ಪೂರ್ತಿ ಕರಗಿಸಿ, ದ್ರಾವಣಗಳನ್ನು ಬೆರೆಸಿ. ಸ್ವಲ್ಪ ಮೆಥನಾಲ್ ಸೇರಿಸಿ ಬೇಗ ಆರಿಸಿ, ಗೆರೆಗಿಂತ ಮೇಲಿನ ಬಿಸಿಯಲ್ಲಿ ಹೆಚ್ಚು ಹೊತ್ತು ಹೈಡ್ರೇಟ್ ಮಾಡಿ, ಹಲವು ಸುತ್ತು ಹೆಪ್ಪುಗಟ್ಟಿಸಿ ಕರಗಿಸಿ. 50 ಮೋಲ್ ಶೇಕಡಾಕ್ಕಿಂತ ಮೇಲಿನ ಪೊರೆ ಬೇಕೇಬೇಕಾದರೆ ಪೊರೆಯನ್ನು ಒಣಗಿಸದೆ ದ್ರಾವಕವನ್ನು ನೇರವಾಗಿ ನೀರಿಗೆ ಬದಲಿಸುವ ವಿಧಾನ ಬೇಕು. ಅದಕ್ಕೆ ಬೇರೆ ವ್ಯವಸ್ಥೆ ಬೇಕಾದ್ದರಿಂದ ಅಲ್ಲಿ ಅನುಭವಿಗಳ ಸಹಾಯ ಪಡೆಯಿರಿ.

ಲೆಕ್ಕ ಸರಿಯಿದ್ದೂ ಪ್ರಮಾಣ ತಪ್ಪುವ ಇನ್ನೊಂದು ದಾರಿ ತಕ್ಕಡಿಯಲ್ಲಿದೆ. ಜುಲೈ ತಿಂಗಳಲ್ಲಿ ನಮ್ಮ ಪ್ರಯೋಗಾಲಯದ ತಕ್ಕಡಿಯ ಮೇಲೆ ಫ್ರೀಜರಿನಿಂದ ತೆಗೆದ ಡಿಪಿಪಿಸಿ ಪುಡಿ ಇಟ್ಟು ಸುಮ್ಮನೆ ನೋಡುತ್ತ ನಿಂತರೆ, ಯಾರೂ ಮುಟ್ಟದೆಯೇ ಕೊನೆಯ ಅಂಕಿ ಮೇಲೇರುತ್ತ ಹೋಗುತ್ತದೆ. ಹುಡುಗರಿಗೆ ನಾನು ಮೊದಲ ದಿನ ಇದನ್ನೇ ತೋರಿಸುತ್ತೇನೆ. ಫಾಸ್ಫೋಲಿಪಿಡ್ ಗಾಳಿಯ ತೇವವನ್ನು ಆಸೆಯಿಂದ ಹೀರುತ್ತದೆ, ಕೊಲೆಸ್ಟ್ರಾಲ್ ಅಷ್ಟು ಹೀರುವುದಿಲ್ಲ. ಹೀಗೆ ನೀರಿನ ತೂಕವನ್ನು ಲಿಪಿಡ್ ಎಂದು ಲೆಕ್ಕಹಿಡಿದರೆ ನಿಜವಾದ ಲಿಪಿಡ್ ಕಡಿಮೆಯಾಗಿ ಕೊಲೆಸ್ಟ್ರಾಲಿನ ಪಾಲು ಮೇಲಕ್ಕೆ ಹೋಗುತ್ತದೆ. ಬಾಟಲಿಯನ್ನು ಮುಚ್ಚಿದಂತೆಯೇ ಕೋಣೆಯ ಉಷ್ಣತೆಗೆ ಬರಲು ಬಿಟ್ಟು ಆಮೇಲೆ ತೆರೆಯಿರಿ. ಇನ್ನೂ ಒಳ್ಳೆಯದೆಂದರೆ ಕಂಪನಿಯವರು ತೂಗಿ ಸೀಲು ಮಾಡಿದ ಬಾಟಲಿಗೇ ಅಳೆದ ಕ್ಲೋರೋಫಾರ್ಮ್ ಹಾಕಿ ಪೂರ್ತಿ ಕರಗಿಸಿ, ದ್ರಾವಣವನ್ನೇ ಬಳಸುವುದು.

ಕೊನೆಯ ಪರೀಕ್ಷೆ, ಪೊರೆಯಲ್ಲಿ ನಿಜಕ್ಕೂ ಎಷ್ಟಿದೆ ಎಂದು ಅಳೆಯುವುದು. ಎಕ್ಸ್‌ಟ್ರೂಡರ್ ದಾಟಿ ಬಂದ ದ್ರವದ ಕೊಲೆಸ್ಟ್ರಾಲನ್ನು, ಪೆಥಾಲಜಿ ಲ್ಯಾಬುಗಳಲ್ಲಿ ರಕ್ತಕ್ಕೆ ಬಳಸುವ ಎಂಜೈಮ್ ಕಿಟ್ಟಿನಿಂದಲೇ ಅಳೆಯಬಹುದು, ಲೈಪೋಸೋಮನ್ನು ಡಿಟರ್ಜೆಂಟ್ ಹಾಕಿ ಪೂರ್ತಿ ಕರಗಿಸಿಕೊಂಡರಾಯಿತು. ಫಾಸ್ಫೋಲಿಪಿಡ್ಡಿಗೆ ಅಮೋನಿಯಂ ಫೆರೋಥಯೋಸಯನೇಟ್ ಬಳಸುವ ಸ್ಟೀವರ್ಟ್ ವಿಧಾನ ಸಾಕು, ಕ್ಲೋರೋಫಾರ್ಮ್ ಪದರದ ಬಣ್ಣವನ್ನು 485 ನ್ಯಾನೊಮೀಟರಿನಲ್ಲಿ ಓದಬೇಕು. ಕೊಲೆಸ್ಟ್ರಾಲ್ ಇದಕ್ಕೆ ಅಡ್ಡ ಬರುವುದಿಲ್ಲ. ಪರ್ಕ್ಲೋರಿಕ್ ಆಮ್ಲದಲ್ಲಿ ಕುದಿಸುವ ವಿಧಾನಗಳನ್ನು ಅದಕ್ಕೆಂದೇ ಮಾಡಿದ ಹುಡ್ ಇಲ್ಲದ ಪ್ರಯೋಗಾಲಯದಲ್ಲಿ ಮಾಡಬೇಡಿ, ಸ್ಫೋಟದ ಭಯವಿದೆ.

ಲಕ್ಷಣ: ಕೊಲೆಸ್ಟ್ರಾಲ್ ಹಾಕಿದರೆ ಪೊರೆ ಬಿಗಿಯಾಗಬೇಕಿತ್ತು, ಸಡಿಲವಾಯಿತು

ಈ ದೂರು ಬಂದಾಗ ನಾನು ಮೊದಲು ಕೇಳುವುದು, ಯಾವ ಲಿಪಿಡ್, ಎಷ್ಟು ಡಿಗ್ರಿಯಲ್ಲಿ ಅಳೆದಿರಿ ಎಂದು. ಡಿಪಿಪಿಸಿಯನ್ನು ಕೋಣೆಯ ಉಷ್ಣತೆಯಲ್ಲಿ ಅಳೆದಿದ್ದರೆ ನಿಮ್ಮ ಪ್ರಯೋಗದಲ್ಲಿ ದೋಷವೇ ಇಲ್ಲ. ಕೊಲೆಸ್ಟ್ರಾಲ್ ನಿಜಕ್ಕೂ ಹಾಗೆಯೇ ಮಾಡುತ್ತದೆ.

ಕೊಲೆಸ್ಟ್ರಾಲ್ ಅಣುವಿನ ನಡುವೆ ಒಂದಕ್ಕೊಂದು ಬೆಸೆದ ನಾಲ್ಕು ಉಂಗುರಗಳ ಬಾಗದ ಚಪ್ಪಟೆ ದೇಹವಿದೆ. ಒಂದು ತುದಿಯಲ್ಲಿ ನೀರಿನ ಕಡೆ ಮುಖ ಮಾಡುವ ಸಣ್ಣದೊಂದು ಹೈಡ್ರಾಕ್ಸಿಲ್ ಗುಂಪು, ಇನ್ನೊಂದು ತುದಿಯಲ್ಲಿ ಗಿಡ್ಡ ಬಾಲ. ದ್ರವ ಸ್ಥಿತಿಯ ಪೊರೆಯಲ್ಲಿ ಲಿಪಿಡ್ಡುಗಳ ಉದ್ದ ಬಾಲಗಳು ಒದ್ದಾಡುತ್ತಿರುತ್ತವೆ. ಅವುಗಳ ಪಕ್ಕದಲ್ಲಿ ಈ ಗಡುಸು ಹಲಗೆ ಬಂದು ನಿಂತರೆ ಬಾಲಗಳ ಮೇಲ್ಭಾಗ ಬಾಗಲು ಜಾಗವಿಲ್ಲದೆ ನೆಟ್ಟಗಾಗುತ್ತದೆ. ಹಾಗೆ ನೆಟ್ಟಗಾದಂತೆ ಪೊರೆ ದಪ್ಪವಾಗುತ್ತದೆ, ಪ್ರತಿ ಲಿಪಿಡ್ ಆಕ್ರಮಿಸುವ ಜಾಗ ಕುಗ್ಗುತ್ತದೆ, ನೀರು ಮತ್ತು ಸಣ್ಣ ಅಣುಗಳು ದಾಟುವುದು ಕಷ್ಟವಾಗುತ್ತದೆ. ನೀರಿನ ಮೇಲೆ ಹರಡಿದ ಒಂಟಿ ಪದರದಲ್ಲಿ ಈ ಕುಗ್ಗುವಿಕೆಯನ್ನು ಲೀತ್ಸ್ ಎಂಬವರು 1925ರಲ್ಲೇ ಗಮನಿಸಿದ್ದರು. ಜೆಲ್ ಸ್ಥಿತಿಯಲ್ಲಾದರೋ ಬಾಲಗಳು ಮೊದಲೇ ನೆಟ್ಟಗೆ, ಒತ್ತೊತ್ತಾಗಿ, ಹೊಂದಿಸಿಟ್ಟ ಕಟ್ಟಿಗೆಯ ಹೊರೆಯಂತೆ ಕೂತಿರುತ್ತವೆ. ಆ ಹೊರೆಯ ನಡುವೆ ಬೇರೆ ಆಕಾರದ ಈ ಹಲಗೆ ತೂರಿದರೆ ಜೋಡಣೆ ಕೆಡುತ್ತದೆ, ಬಾಲಗಳಿಗೆ ತಿರುಗಾಡಲು ಅವಕಾಶ ಸಿಗುತ್ತದೆ, ಪೊರೆ ಸಡಿಲವಾಗುತ್ತದೆ. ಹೀಗೆ ಒಂದೇ ಅಣು ಗೆರೆಯ ಮೇಲೆ ಪೊರೆಯನ್ನು ಬಿಗಿಯುತ್ತದೆ, ಗೆರೆಯ ಕೆಳಗೆ ಬಿಚ್ಚುತ್ತದೆ. ಪ್ರಮಾಣ ಸುಮಾರು 30 ಮೋಲ್ ಶೇಕಡಾ ದಾಟಿದಾಗ ಎರಡೂ ಕಡೆಯಿಂದ ಬಂದ ಪೊರೆ ಒಂದೇ ನಡುವಿನ ಸ್ಥಿತಿಗೆ ತಲುಪುತ್ತದೆ: ಬಾಲಗಳು ನೆಟ್ಟಗಿರುತ್ತವೆ, ಆದರೆ ಅಣುಗಳು ಪಕ್ಕಕ್ಕೆ ಸರಿಯುತ್ತಲೇ ಇರುತ್ತವೆ. 1987ರಲ್ಲಿ ಇಪ್ಸನ್ ಮತ್ತು ಸಂಗಡಿಗರು ಇದಕ್ಕೆ ಕ್ರಮಬದ್ಧ ದ್ರವ ಸ್ಥಿತಿ ಎಂಬರ್ಥದ ಹೆಸರು ಕೊಟ್ಟರು.

ಆದ್ದರಿಂದ ಪರೀಕ್ಷೆ ಸುಲಭ. ಅದೇ ಮಾದರಿಯನ್ನು 25 ಡಿಗ್ರಿಯಲ್ಲಿಯೂ 50 ಡಿಗ್ರಿಯಲ್ಲಿಯೂ ಅಳೆಯಿರಿ. ಪೊರೆಯೊಳಗೆ ಸೇರಿ ಹೊಳೆಯುವ ಡಿಪಿಎಚ್ ಬಣ್ಣ ಬಳಸುವವರು, ಕೊಲೆಸ್ಟ್ರಾಲ್ ಸೇರಿಸಿದಾಗ ಅನೈಸೋಟ್ರೊಪಿ (ಬಣ್ಣದ ಅಣು ತಿರುಗಾಡಲಾಗದೆ ಎಷ್ಟು ಬಿಗಿಯಾಗಿದೆ ಎಂಬ ಅಳತೆ) 25ರಲ್ಲಿ ಇಳಿದು 50ರಲ್ಲಿ ಏರಿದರೆ ನೆಮ್ಮದಿಯಿಂದ ಬರೆದುಕೊಳ್ಳಿ, ಎಲ್ಲ ಸರಿಯಿದೆ. ಲಾರ್ಡಾನ್ ಎಂಬ ಇನ್ನೊಂದು ಬಣ್ಣ ಬಳಸುವವರು 440 ಮತ್ತು 490 ನ್ಯಾನೊಮೀಟರಿನ ಎರಡು ಓದುಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸುತ್ತಾರೆ. ಆ ಅಂಕಿ ಮೇಲೇರಿದರೆ ಪೊರೆಯ ಮೇಲ್ಭಾಗಕ್ಕೆ ನೀರು ಕಡಿಮೆ ನುಗ್ಗುತ್ತಿದೆ, ಅಣುಗಳು ಹೆಚ್ಚು ಒತ್ತಾಗಿವೆ ಎಂದರ್ಥ. ಎರಡೂ ಉಷ್ಣತೆಯಲ್ಲಿ ಒಂದೇ ದಿಕ್ಕಿಗೆ ಹೋದರೆ, ಅಥವಾ ಏನೂ ಬದಲಾಗದಿದ್ದರೆ, ಕೊಲೆಸ್ಟ್ರಾಲ್ ಪೊರೆಗೆ ಸೇರಿಲ್ಲವೆಂಬ ಅನುಮಾನದಿಂದ ಹಿಂದಿನ ಭಾಗಕ್ಕೆ ಮರಳಿ.

ಇನ್ನೊಂದು ಗೊಂದಲ "ಬಿಗಿ" ಎಂಬ ಪದದಲ್ಲೇ ಇದೆ. ಬಾಲಗಳ ನೆಟ್ಟಗಿರುವಿಕೆ, ಅಣುಗಳು ಸರಿಯುವ ವೇಗ, ಪೊರೆಯನ್ನು ಬಾಗಿಸಲು ಬೇಕಾದ ಶಕ್ತಿ, ಸೋರಿಕೆ, ಇವು ನಾಲ್ಕು ಬೇರೆ ಬೇರೆ ಗುಣಗಳು. ನೇರ ಬಾಲಗಳ ಡಿಎಂಪಿಸಿಯಂಥ ದ್ರವ ಪೊರೆಯಲ್ಲಿ ಕೊಲೆಸ್ಟ್ರಾಲ್ ಬಾಗುವ ಬಿಗಿಯನ್ನು ಹಲವು ಪಟ್ಟು ಏರಿಸುತ್ತದೆ. ಎರಡೂ ಬಾಲಗಳಲ್ಲಿ ದ್ವಿಬಂಧದ ಸೊಟ್ಟು ಇರುವ ಡಿಒಪಿಸಿಯಲ್ಲಿ ಆ ಏರಿಕೆ ಕಾಣುವುದೂ ಕಾಣದಿರುವುದೂ ಅಳೆಯುವ ವಿಧಾನದ ಮೇಲೆ ನಿಂತಿದೆ. ಆದರೆ ಜಾಗ ಕುಗ್ಗುವುದು ಅಲ್ಲಿಯೂ ಕಾಣುತ್ತದೆ. ಒಂದು ಲಿಪಿಡ್ಡಿನ ಒಂದು ಗುಣದ ಫಲಿತಾಂಶವನ್ನು ಇನ್ನೊಂದರ ಜೊತೆ ಹೋಲಿಸಿ "ತಪ್ಪು ಬಂತು" ಎಂದುಕೊಳ್ಳಬೇಡಿ.

ಲಕ್ಷಣ: ಡಿಎಸ್‌ಸಿ ನಕ್ಷೆಯಲ್ಲಿ ಉಬ್ಬು ಕಾಣುತ್ತಿಲ್ಲ

ಡಿಎಸ್‌ಸಿ ಎಂದರೆ ಮಾದರಿಯನ್ನು ಬಿಸಿ ಮಾಡುತ್ತ ಅದು ಹೀರುವ ಶಾಖವನ್ನು ಅಳೆಯುವ ಯಂತ್ರ; ಪೊರೆ ಕರಗುವಲ್ಲಿ ನಕ್ಷೆ ಉಬ್ಬುತ್ತದೆ. ಕೊಲೆಸ್ಟ್ರಾಲ್ ಇಲ್ಲದ ಡಿಪಿಪಿಸಿಯನ್ನು ಮೊದಲು ಓಡಿಸಿ. ಸುಮಾರು 35 ಡಿಗ್ರಿಯಲ್ಲಿ ಒಂದು ಸಣ್ಣ ಉಬ್ಬು, 41ರಲ್ಲಿ ಒಂದು ಚೂಪು ಉಬ್ಬು ಬಂದರೆ ಯಂತ್ರ ಸರಿಯಿದೆ. ಬಾರದಿದ್ದರೆ ಮಾದರಿ ತೆಳುವಾಗಿದೆ, ಇಲ್ಲವೇ ಯಂತ್ರಕ್ಕೆ ಪರಿಣತರು ಬೇಕು. ಕೊಲೆಸ್ಟ್ರಾಲ್ 5 ಮೋಲ್ ಶೇಕಡಾದ ಆಸುಪಾಸಿಗೆ ಬರುವಷ್ಟರಲ್ಲಿ ಸಣ್ಣ ಉಬ್ಬು ಹೋಗಿಬಿಡುತ್ತದೆ. 20ರಿಂದ 25ರ ಹೊತ್ತಿಗೆ ಚೂಪು ಉಬ್ಬು ಮುಗಿದು ಅಗಲವಾದ ದಿಬ್ಬ ಮಾತ್ರ ಉಳಿಯುತ್ತದೆ, 50ರ ಹತ್ತಿರ ಅದೂ ಸಮತಟ್ಟಾಗುತ್ತದೆ. ಜೆಲ್ ಮತ್ತು ದ್ರವ ಎಂಬ ಭೇದವೇ ಅಲ್ಲಿ ಅಳಿಸಿಹೋಗಿರುವುದರಿಂದ ಕರಗಲು ಏನೂ ಉಳಿದಿರುವುದಿಲ್ಲ. 40 ಮೋಲ್ ಶೇಕಡಾ ಎಂದು ಹೇಳಿಕೊಂಡ ಮಾದರಿಯಲ್ಲಿ 41 ಡಿಗ್ರಿಯ ಚೂಪು ಉಬ್ಬು ಇನ್ನೂ ನಿಂತಿದ್ದರೆ ಅದೇ ನಿಜವಾದ ದೋಷದ ಗುರುತು, ಕೊಲೆಸ್ಟ್ರಾಲ್ ಸಮವಾಗಿ ಬೆರೆತಿಲ್ಲ.

ಲಕ್ಷಣ: ಒಳಗೆ ತುಂಬಿದ ಬಣ್ಣ ನಿರೀಕ್ಷೆಗಿಂತ ಬೇಗ ಸೋರುತ್ತಿದೆ

ಕಾರ್ಬಾಕ್ಸಿಫ್ಲೂರೊಸೀನ್ ಬಣ್ಣವನ್ನು 100 ಮಿಲಿಮೋಲಾರಿನಷ್ಟು ಗಾಢವಾಗಿ ತುಂಬಿದಾಗ ಅದು ಒಳಗೆ ಮಂಕಾಗಿದ್ದು, ಸೋರಿ ತೆಳುವಾದಾಗ ಬೆಳಗುತ್ತದೆ. ಸೋರಿಕೆ ಹೆಚ್ಚು ಕಂಡರೆ ಉಷ್ಣತೆಯನ್ನೇ ಮೊದಲು ನೋಡಿ. ಪೊರೆ ತನ್ನ ಗೆರೆಯ ಮೇಲೆಯೇ ನಿಂತಿರುವಾಗ, ಜೆಲ್ ತುಂಡುಗಳೂ ದ್ರವ ತುಂಡುಗಳೂ ಅಕ್ಕಪಕ್ಕ ಇದ್ದು, ಅವುಗಳ ಅಂಚುಗಳಲ್ಲಿ ಸೋರಿಕೆ ತುಂಬ ಹೆಚ್ಚು. ಕಾರವಾರದ ಎಸಿ ಕೋಣೆಯಲ್ಲಿ 24ಕ್ಕೆ ಇಟ್ಟ ಡಿಎಂಪಿಸಿಗೆ ಇದೇ ಗತಿ. ಅಂಥ ಜಾಗದಲ್ಲಿ ತೀರಾ ಕಡಿಮೆ ಕೊಲೆಸ್ಟ್ರಾಲ್ ಹಾಕಿದರೆ ಸೋರಿಕೆ ಕಡಿಮೆಯಾಗುವ ಬದಲು ಏರಲೂಬಹುದು, ಹೆಚ್ಚು ಹಾಕಿದ ಮೇಲೆಯೇ ಅದು ಕಡಿಮೆಯಾಗುತ್ತದೆ.

ಎರಡನೆಯದು ಒಳಗಿನ ಮತ್ತು ಹೊರಗಿನ ಉಪ್ಪಿನ ಸಮತೋಲ. ಗಾಢ ಬಣ್ಣದ ಒಳಗಿಗೆ ತೆಳು ಬಫರಿನ ಹೊರಗು ಸಿಕ್ಕರೆ ನೀರು ಒಳನುಗ್ಗಿ ಗುಳ್ಳೆ ಬಿರಿಯುತ್ತದೆ. ಹೊರಗಿನ ಬಫರಿಗೆ ಉಪ್ಪು ಸೇರಿಸಿ ಸರಿದೂಗಿಸಿ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಕೊನೆಯಲ್ಲಿ ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್ ಹಾಕಿ ಎಲ್ಲ ಬಣ್ಣವನ್ನೂ ಹೊರತಂದು ಅದನ್ನು 100 ಶೇಕಡಾ ಎಂದು ಹಿಡಿಯುತ್ತೇವಲ್ಲ, ಡಿಪಿಪಿಸಿಯಂಥ ಲಿಪಿಡ್ಡಿನ ಕೊಲೆಸ್ಟ್ರಾಲ್ ತುಂಬಿದ ಕ್ರಮಬದ್ಧ ಪೊರೆ ತಣ್ಣಗಿರುವಾಗ ಟ್ರೈಟಾನಿಗೆ ಸುಲಭವಾಗಿ ಬಗ್ಗುವುದಿಲ್ಲ. ಒಂದಿಷ್ಟು ಗುಳ್ಳೆ ಕರಗದೆ ಉಳಿದರೆ ನಿಮ್ಮ 100 ಕಡಿಮೆಯಾಗಿ, ಸೋರಿಕೆಯ ಶೇಕಡಾ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಟ್ರೈಟಾನ್ ಹಾಕಿದ ಮೇಲೆ 50 ಡಿಗ್ರಿಗೆ ಬಿಸಿ ಮಾಡಿ, ಮತ್ತೆ ಅಳತೆಯ ಉಷ್ಣತೆಗೆ ತಂದು ಓದಿ. 60ರಿಂದ ಮೇಲೆ ಹೋಗಬೇಡಿ, 65 ಡಿಗ್ರಿಯ ಆಸುಪಾಸಿನಲ್ಲಿ ಟ್ರೈಟಾನೇ ಮೋಡ ಕವಿದಂತೆ ಬೆಳ್ಳಗಾಗುತ್ತದೆ.

ಲಕ್ಷಣ: ಲಿಪಿಡ್ ಹಳದಿಯಾಗಿದೆ, ಕಮಟು ವಾಸನೆ ಬರುತ್ತಿದೆ, ಅಥವಾ ಹಳೆಯ ಬಾಟಲಿಯಿಂದ ಮಾಡಿದ್ದು ಮಾತ್ರ ಹೊಂದುತ್ತಿಲ್ಲ

ಮೊಟ್ಟೆಯ ಲೆಸಿಥಿನ್, ಸೋಯಾ ಲೆಸಿಥಿನ್ ದ್ವಿಬಂಧಗಳಿರುವುದರಿಂದ ಗಾಳಿಗೆ ಕೆಡುತ್ತವೆ, ವಾಸನೆಯಲ್ಲೇ ತಿಳಿಯುತ್ತದೆ. ಎಲ್ಲ ಬಾಲಗಳೂ ನೇರವಿರುವ ಡಿಪಿಪಿಸಿ ಹಾಗೆ ಕಮಟಾಗುವುದಿಲ್ಲ. ಆದರೆ ಕೊಲೆಸ್ಟ್ರಾಲಿನ ಉಂಗುರದಲ್ಲೂ ಒಂದು ದ್ವಿಬಂಧವಿದೆ, ಅದೂ ಗಾಳಿಯಲ್ಲಿ ನಿಧಾನವಾಗಿ ಕೆಟ್ಟು ಕೀಟೋಕೊಲೆಸ್ಟ್ರಾಲಿನಂಥ ರೂಪಗಳಾಗುತ್ತದೆ. ಅವಕ್ಕೆ ವಾಸನೆಯಿಲ್ಲ, ಪೊರೆಯಲ್ಲಿ ಕೂರುವ ಬಗೆ ಮಾತ್ರ ಬೇರೆ. ಅಗ್ಗದ ಪರೀಕ್ಷೆ ಪ್ರತಿ ರಸಾಯನ ಪ್ರಯೋಗಾಲಯದಲ್ಲೂ ಇರುವ ಕರಗುವ ಬಿಂದುವಿನ ಸಾಧನದ್ದು. ಪುಡಿ 148ಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗಿ ಹಲವು ಡಿಗ್ರಿ ಎಳೆದುಕೊಂಡು ಕರಗಿದರೆ ಆ ಬಾಟಲಿ ಬೇಡ. ಮುಂದಿನದು ತೆಳುಪದರ ಕ್ರೊಮ್ಯಾಟೊಗ್ರಫಿ. ಕ್ಲೋರೋಫಾರ್ಮ್, ಮೆಥನಾಲ್, ನೀರು 65:25:4 ಅನುಪಾತದಲ್ಲಿ ಓಡಿಸಿ ಅಯೋಡಿನ್ ಹಬೆಯಲ್ಲಿ ಇಡಿ. ಕೊಲೆಸ್ಟ್ರಾಲ್ ಮೇಲ್ತುದಿಯ ಹತ್ತಿರ ಹೋಗುತ್ತದೆ, ಫಾಸ್ಫಟಿಡೈಲ್ ಕೋಲಿನ್ ಅದಕ್ಕಿಂತ ಬಹಳ ಕೆಳಗೆ ನಿಲ್ಲುತ್ತದೆ, ಅದಕ್ಕಿಂತಲೂ ಕೆಳಗೆ ಇನ್ನೊಂದು ಮಚ್ಚೆ ಕಂಡರೆ ಲಿಪಿಡ್ ಒಂದು ಬಾಲ ಕಳೆದುಕೊಂಡಿದೆ. ಹುಡ್ ಹೊರಗೆ ಅಯೋಡಿನ್ ಪಾತ್ರೆ ತೆರೆಯಬೇಡಿ.

ಕರೆಂಟು ಹೋಗಿ ಬಂದ ಫ್ರೀಜರ್ ಕಾರಣವಾಗಿರುವುದು ಇಲ್ಲಿ ಸಾಮಾನ್ಯ. ಒಂದು ಲೋಟ ನೀರನ್ನು ಹೆಪ್ಪುಗಟ್ಟಿಸಿ ಮೇಲೆ ನಾಣ್ಯವಿಟ್ಟು ಫ್ರೀಜರಿನಲ್ಲೇ ಬಿಟ್ಟಿರಿ. ನಾಣ್ಯ ಮುಳುಗಿದ್ದು ಕಂಡ ದಿನ ಒಳಗಿನ ಬಾಟಲಿಗಳನ್ನೆಲ್ಲ ಅನುಮಾನದಿಂದ ನೋಡಿ.

ಯಾವಾಗ ನಿಲ್ಲಿಸಬೇಕು, ಯಾರ ಬಳಿ ಹೋಗಬೇಕು

ಉಷ್ಣತೆ, ಲೆಕ್ಕ, ಹೊಸ ಬಾಟಲಿ, ಈ ಮೂರನ್ನೂ ನೋಡಿದ ಮೇಲೂ ಅದೇ ಲಕ್ಷಣ ಮೂರು ಸಲ ಬಂದರೆ ನಿಲ್ಲಿಸಿ. ದುಬಾರಿ ಲಿಪಿಡ್ಡನ್ನು ಊಹೆಯ ಮೇಲೆ ಖರ್ಚು ಮಾಡಬೇಡಿ. ಕ್ಲೋರೋಫಾರ್ಮಿನ ಸಿಹಿ ವಾಸನೆ ಕೋಣೆಯಲ್ಲಿ ನಿಂತು ಯಾರಿಗಾದರೂ ತಲೆ ಸುತ್ತಿದರೆ ಕೆಲಸ ಬಿಟ್ಟು ಎಲ್ಲರೂ ಹೊರಗೆ ಬನ್ನಿ, ಸುಧಾರಿಸದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಹೊರಗಿನ ಉಪಕರಣ ಬೇಕಾದರೆ ಧಾರವಾಡ, ಬೆಂಗಳೂರುಗಳ ವಿಶ್ವವಿದ್ಯಾಲಯಗಳತ್ತ ಹೋಗುವುದೇ ನಮ್ಮವರ ರೂಢಿ. ಅರಬೈಲ್ ಘಟ್ಟ ಹತ್ತುವ ಬಸ್ಸಿನಲ್ಲಿ ಮಾದರಿ ಒಯ್ಯುವುದಾದರೆ ಮೀನು ಸಾಗಿಸುವ ಥರ್ಮಕೋಲ್ ಪೆಟ್ಟಿಗೆ ಚೆನ್ನಾಗಿ ಒದಗುತ್ತದೆ, ಆದರೆ ಒಳಗೆ ಉಪ್ಪು ಬೆರೆಸಿದ ಐಸ್ ಹಾಕಬೇಡಿ. ಅದು ಸೊನ್ನೆಗಿಂತ ಕೆಳಗೆ ಇಳಿದು ಲೈಪೋಸೋಮ್ ಹೆಪ್ಪುಗಟ್ಟಿ ಒಡೆಯುತ್ತದೆ. ಬಾಟಲಿಗೂ ಐಸಿಗೂ ನಡುವೆ ಬಟ್ಟೆ ಸುತ್ತಿ. ಬಾಟಲಿಯ ಮೇಲೆ ಲಿಪಿಡ್ಡಿನ ಹೆಸರು, ಕೊಲೆಸ್ಟ್ರಾಲ್ ಎಷ್ಟು ಮೋಲ್ ಶೇಕಡಾ, ಯಾವ ಬಫರ್, ಯಾವ ದಿನ ಮಾಡಿದ್ದು, ಎಷ್ಟು ಡಿಗ್ರಿಯಲ್ಲಿ ದಾಟಿಸಿದ್ದು ಎಂದು ಬರೆಯಿರಿ. ಕೊಲೆಸ್ಟ್ರಾಲ್ ಇಲ್ಲದ ಅದೇ ಲಿಪಿಡ್ಡಿನ ಒಂದು ಮಾದರಿಯನ್ನೂ ಜೊತೆಗೆ ಒಯ್ಯಲೇಬೇಕು, ಅದಿಲ್ಲದೆ ಅಲ್ಲಿ ಬರುವ ಯಾವ ನಕ್ಷೆಯನ್ನೂ ಓದಲು ಬರುವುದಿಲ್ಲ.